ನೋಡಿ ಹೇಳುವವ

ಬೇಲಿಯ ದಣಪೆ ದಾಟಲೆಂದು ಪೂರ್ಣಿಮಾ ಎತ್ತಿದ ಕಾಲು ಎತ್ತಿದಲ್ಲೇ ಉಳಿಯಿತು.

"ಅಲ್ಲೇ ನಿಲ್ಲು ಬಾಯ್," ಎಂದ ರಾಮಾ. "ಒಳಗೆ ಬರಬೇಡ."

ಅವನು ಊರಿನ ಬುದವಂತ. ಮಾಜಾಳಿಯ ಈ ಮೀನುಗಾರರ ಕೇರಿಯಲ್ಲಿ ಮದುವೆಗೂ ಮರಣಕ್ಕೂ ಮೊದಲ ಮಾತು ಅವನದೇ. ಗದರಿಸಿ ಹೇಳಿದ್ದರೆ ಅವಳು ಮೈಮೇಲೆ ಬಿದ್ದಾದರೂ ಒಳಗೆ ನುಗ್ಗುತ್ತಿದ್ದಳೋ ಏನೋ. ಆದರೆ ಅತ್ತು ಅತ್ತು ಅವನ ಕಣ್ಣು ಊದಿಕೊಂಡಿತ್ತು. ಅವಳಿಗೆ ಈಜು ಕಲಿಸಿದ ಮನುಷ್ಯ ಈಗ ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದ.

ಅವನ ತೋಳಿನ ಕೆಳಗಿಂದ ಅಂಗಳ ಕಾಣುತ್ತಿತ್ತು. ತುಳಸಿಕಟ್ಟೆಯ ಮುಂದೆ ಚಾಪೆ, ಚಾಪೆಯ ಸುತ್ತ ಹೆಂಗಸರು, ಅವರ ಸೆರಗುಗಳ ಸಂದಿಯಲ್ಲಿ ಅಪ್ಪನ ಎರಡು ಪಾದ. ಹೆಬ್ಬೆರಳುಗಳನ್ನು ಸೇರಿಸಿ ಬಿಳಿ ದಾರ ಕಟ್ಟಿದ್ದರು. ನಸುಕಿನಲ್ಲಿ ಎದ್ದು ಚಾ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿ ಕೂತವನು ಹಾಗೆಯೇ ಹೋಗಿದ್ದನಂತೆ. ಅಣ್ಣ ಕಿಶನ ಫೋನಿನಲ್ಲಿ ಅಷ್ಟೇ ಹೇಳಿದ್ದು. ಒಂಬತ್ತು ವರ್ಷಗಳಲ್ಲಿ ಅವನು ಮಾಡಿದ ಮೊದಲ ಫೋನು ಅದು. "ಬಾಬಾ ಹೋದ. ಬರೂದು ಬಿಡೂದು ನಿನ್ನ ಇಷ್ಟ."

"ಬಾಯಿಗೆ ಒಂದು ಗುಟುಕು ನೀರು ಬಿಡ್ತೆ ಮಾಮಾ," ಎಂದಳು. "ಬಿಟ್ಟು ಹೋಗ್ತೆ. ಯಾರ ಮನೆ ಚಾವಡಿಗೂ ಹತ್ತೂದಿಲ್ಲ."

"ನಾ ಬೇಡ ಹೇಳೂದಲ್ಲ ಬಾಯ್. ಅವತ್ತು ಹೂವು ಎಡಕ್ಕೆ ಬಿತ್ತು. ಹೂವು ಮುಚ್ಚಿದ ಬಾಗ್ಲು ನಾ ತೆಗೆಯೂಕೆ ಬತ್ತದ್ಯಾ?"

ಹೆಂಗಸರ ನಡುವಿನಿಂದ ನಡುಹರೆಯ ದಾಟಿದ ನಾಗಿ ಎದ್ದು ಬಂದಳು. "ಹೆಣಕ್ಕೆ ನೀರು ಬಿಡೂಕೂ ಹೂವು ಬೇಕಾ? ನಾಳಿಗೆ ಉಚ್ಚೆ ಹೊಯ್ಯೂಕೂ ಕೇಳ್ತ್ರಿ ನೀವು."

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

"ನೀ ಸುಮ್ನಿರು ನಾಗಕ್ಕ," ಎಂದ ರಾಮಾ. "ಹೂವು ಬಲಕ್ಕೆ ಬಿತ್ತು ಹೇಳಿ ನೀ ಬಲೆ ಹಗ್ಗ ಹಿಡ್ದೆ. ನಿಂದು ಬಲ ಒಪ್ಪೂದು, ಇವ್ಳದ್ದು ಎಡ ಒಪ್ಪೂದಿಲ್ಲ ಅಂದ್ರೆ ಹ್ಯಾಂಗೆ? ಗುನಗನ್ನ ಕರೂಕೆ ಬೈಕು ಹೋಗಿದೆ. ಅಂವ ಬರ್ಲಿ. ಇನ್ನೊಂದು ಸಲ ಕೇಳ್ವ."

ನಾಗಿ ಸೆರಗು ಕೊಡವಿ ಹೆಂಗಸರ ನಡುವೆ ಹೋಗಿ ಕೂತಳು. ಪೂರ್ಣಿಮಾಳ ಕಾಲು ಕೆಳಗಿಳಿಯಿತು, ದಣಪೆಯ ಹೊರಗೆ.

ಆ ಕೇರಿಯಲ್ಲಿ ದೊಡ್ಡ ಮಾತೆಲ್ಲವನ್ನೂ ಹೂವೇ ತೀರ್ಮಾನಿಸುತ್ತಿತ್ತು. ಕಡಲ ದಂಡೆಯಲ್ಲಿ ದೇವಚಾರನ ಗುಡಿಯಿದೆ. ಗುಡಿಯೆಂದರೆ ಬಗ್ಗಿ ನುಗ್ಗಬೇಕಾದ ಒಂದು ಕಲ್ಲಿನ ಗೂಡು, ಒಳಗೆ ಒಬ್ಬನಿಗಷ್ಟೇ ಜಾಗ. ಊರಿನ ಗಡಿ ಕಾಯುವ ಈ ದೇವರಿಗೆ ಸೂತಕವಿಲ್ಲ. ಮುಳುಗಿ ಸತ್ತವರನ್ನು ಕಡಲು ತಂದು ಹಾಕಿದರೆ ಮೊದಲು ನೋಡುವವನೇ ಅವನು, ಚಿತೆಗೆ ಹೊರಟ ಚಟ್ಟವನ್ನೂ ಅವನೆದುರು ಒಮ್ಮೆ ಇಳಿಸಿಯೇ ಮುಂದೆ ಒಯ್ಯಬೇಕು. ಗುನಗ, ಅಂದರೆ ಅಲ್ಲಿನ ಪೂಜಾರಿ, ಕೇಪಳದ ಎರಡು ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡು ಹೆಗಲಿಗೂ ಅಂಟಿಸಿ ಹೊರಗೆ ಬರುತ್ತಾನೆ. ಬುದವಂತ ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹೇಳುತ್ತಾನೆ. ಆಮೇಲೆ ಒಬ್ಬನೇ ಒಬ್ಬ ದೀಪ ಹಿಡಿದು ಒಳಗೆ ಹೋಗಿ, ಯಾವ ಬದಿಯ ಹೂ ಮೊದಲು ಬಿತ್ತೆಂದು ನೋಡಿ ಬಂದು ಹೇಳಬೇಕು. ಬಲವಾದರೆ ಹೌದು. ಎಡವಾದರೆ ಅಲ್ಲ. ನೋಡಿ ಹೇಳುವವ ಎಂದೇ ಅವನಿಗೆ ಹೆಸರು. ಪೂರ್ಣಿಮಾಳ ಅಪ್ಪ ತುಳಸಿದಾಸನ ಮನೆತನಕ್ಕೆ ಸೇರಿದ ಕೆಲಸ ಅದು. ಇವತ್ತಿನಿಂದ ಕಿಶನನದು.

ಗುನಗ ತಂಗಿಯ ಮನೆಗೆಂದು ಕಿನ್ನರ ಹಳ್ಳಿಗೆ ಹೋಗಿದ್ದ. ಕಾಯಬೇಕಾಯಿತು. ಪೂರ್ಣಿಮಾ ಬೇಲಿಯ ಹೊರಗೆ ಹಳೆ ಬಲೆಯ ರಾಶಿಯ ಮೇಲೆ ಕೂತಳು. ಬೇಲಿಯ ಒಳಮಗ್ಗುಲಲ್ಲಿ ಗಂಡಸರು ಬೀಡಿ ಹಚ್ಚಿ ಸತ್ತವನ ಮಾತಾಡುತ್ತಿದ್ದರು.

"ಆ ಹೋಟ್ಲು ಮ್ಯಾನೇಜರು ಬಂದಿದ್ದು ನೆನ್ಪಿದ್ಯಾ? ದಂಡೆಗೆ ಬೇಲಿ ಹಾಕ್ತೆ, ನಿಮ್ಗೆಲ್ಲ ಕೆಲ್ಸ ಕೊಡ್ತೆ ಹೇಳಿ."

"ನೆನ್ಪಿಲ್ದೆ ಎಂತ! ಅಂವ ಈ ಬದಿಗೆ ನಿಂತು ಮಾತಾಡ್ತಾ, ತುಳಸಿದಾಸ ಆ ಬದಿ ತೆಂಗಿನ ಮರ ನೋಡ್ತಾ. ಮ್ಯಾನೇಜರು ಸಿಟ್ಟು ಬಂದು, ನಾನು ಇಲ್ಲಿದ್ದೇನೆ ಮಾರಾಯ್ರೇ ಅಂದ."

"ಇಂವ ಎಂತ ಹೇಳ್ದ ಗೊತ್ತುಂಟಲ್ಲ? 'ನೀವು ಇದ್ರಿ, ಮರವೂ ಇರ್ಲಿ' ಹೇಳಿ!"

ಬೀಡಿಯ ಹೊಗೆಯೂ ನಗೆಯೂ ಒಟ್ಟಿಗೆ ಬಂದವು.

"ಅಂವ ಯಾರನ್ನೂ ನೇರ ನೋಡವನಲ್ಲ. ದೇವಚಾರನ ಎದುರಿಗೂ ಓರೆ ಮುಖವೇ. ದೇವರ ಮುಖಕ್ಕೆ ಮುಖ ಕೊಡಬಾರ್ದು ಹೇಳಿ. ಅಂಥಾ ಭಕ್ತಿ ಇನ್ನೆಲ್ಲಿದೆ?"

ಪೂರ್ಣಿಮಾಳಿಗೂ ಆ ಓರೆ ಮುಖ ಗೊತ್ತಿತ್ತು. ದಂಡೆಯಲ್ಲಿ ನಿಂತು ಕತ್ತು ವಾಲಿಸಿ ಕಡಲು ನೋಡುತ್ತಿದ್ದವನು ಮೀನಿನ ಹಿಂಡು ಬಂತೆಂದು ಕೂಗಿದರೆ ಸುಳ್ಳಾಗುತ್ತಿರಲಿಲ್ಲ.

ಹೊತ್ತು ಏರಿದಾಗ ಒಬ್ಬ ಹೆಂಗಸು ಕೊಡೆ ಮಡಚುತ್ತಾ ಬಂದಳು. ಬಸ್ಸಿಳಿದು ನಡೆದು ಬಂದ ಬೆವರು, ಕೈಯಲ್ಲಿ ಒಂದು ಹೂವಿನ ಹಾರ. ಚಪ್ಪಲಿ ಬಿಡಲು ಜಾಗ ಹುಡುಕುತ್ತಾ ಪೂರ್ಣಿಮಾಳ ಪಕ್ಕಕ್ಕೆ ಬಂದು ಕೇಳಿದಳು: "ತುಳಸಿದಾಸರ ಮನೆ ಇದೇ ಅಲ್ದಾ? ನಾನು ನಾಗಶ್ರೀ. ಅಂಕೋಲದವಳು, ಕಾರವಾರದಲ್ಲಿ ಕಣ್ಣಿನ ದವಾಖಾನೆಲಿ ನರ್ಸು. ನೀವು ಮನೆಯವ್ರಾ?"

"ಊರಿನವಳು," ಎಂದಳು ಪೂರ್ಣಿಮಾ.

"ನಮ್ಮಲ್ಲಿ ಅವ್ರು ಅಂದ್ರೆ ಎಲ್ಲರಿಗೂ ಜೀವ. ಬಂದಾಗೆಲ್ಲ ಒಣ ಸಿಗಡಿ ತರೂದು, ನಗಾಡ್ಸೂದು. ಪಾಪ, ಅಷ್ಟು ವರ್ಷ ಹೆಂಗೆ ಸುಧಾರಿಸ್ಕಂಡ್ರೋ. ಎದುರಿಗಿದ್ದದ್ದು ಎಂತದೂ ಕಾಣ್ತಿರ್ಲಿಲ್ಲ ಅಲ್ಲಾ."

"ಯಾರಿಗೆ?"

"ಅವ್ರಿಗೇ. ಕಣ್ಣಿನ ನಡು ನೋಟ ಹೋಗಿತ್ತು. ಅಂಚಿನದ್ದು ಮಾತ್ರ ಕಾಣೂದು. ತಿರುಗಾಡೂಕೆ, ಸಮುದ್ರ ನೋಡೂಕೆ ತೊಂದ್ರೆ ಇಲ್ಲ. ಎದುರಿಗೆ ಕೂತವ್ರ ಮುಖ ಕಾಣೂದಿಲ್ಲ. 'ನಾಗಶ್ರೀಬಾಯಿ, ನಿಮ್ಮ ಎರಡು ಓಲೆ ಬಂದು ಕೂತಿದೆ, ನೀವು ಯಾವಾಗ ಬರ್ತ್ರಿ?' ಅಂತ ಕೇಳ್ತಿದ್ರು." ಅವಳು ನಗಲು ಹೋಗಿ ಮೂಗು ಒರೆಸಿಕೊಂಡಳು. "ಅಕ್ಕಿ ಕಾಳು, ಹೂವಿನ ಎಸಳು, ಅಂಥಾ ಸಣ್ಣ ವಸ್ತು ಅಂತೂ ಎಷ್ಟು ಓರೆ ಮಾಡಿ ನೋಡಿದ್ರೂ ಗುರುತು ಹತ್ತೂದಿಲ್ಲ."

ಬಲೆಯ ಒಂದು ಗಂಟು ಪೂರ್ಣಿಮಾಳ ಬೆರಳಿಗೆ ಸಿಕ್ಕಿತು. ಅದನ್ನೇ ಹಿಡಿದುಕೊಂಡಳು. "ಯಾವಾಗಿಂದ?"

"ನಾನು ಕೆಲ್ಸಕ್ಕೆ ಸೇರಿದ ಹೊಸತು. ನಂಗೆ ಮದ್ವೆಯೇ ಆಗಿರ್ಲಿಲ್ಲ. ಈಗ ನನ್ನ ಮಗಳು ಏಳನೇತ್ತಿ."

ಪೂರ್ಣಿಮಾಳ ಮಗಳು ಮೂರನೆಯ ತರಗತಿಯಲ್ಲಿದ್ದಳು.

"ಮನೆಯವ್ರಿಗೆ ಗೊತ್ತೇ ಇದೆ," ಎನ್ನುತ್ತಾ ನಾಗಶ್ರೀ ದಣಪೆ ದಾಟಿದಳು. "ಅವ್ರ ಹೆಂಡ್ತಿ ಕೈ ಹಿಡ್ಕಂಡು ಕರ್ಕೊಂಡು ಬರ್ತಿದ್ರಲ್ಲ."

ರಾಮಾ ಅವಳಿಗೆ ದಾರಿ ಬಿಟ್ಟ.

*

ಒಂಬತ್ತು ವರ್ಷಗಳ ಹಿಂದೆ, ಅವತ್ತು, ಇಡೀ ಕೇರಿ ದೇವಚಾರನ ಎದುರು ಸೇರಿತ್ತು. ಹಿಂದಿನ ಭಾನುವಾರ ಇನಾಸ್ ಮನೆಗೆ ಬಂದಿದ್ದ. ಗಡಿಯಾಚೆ ಕಾಣಕೋಣದವನು, ಪೂರ್ಣಿಮಾ ದಿನವೂ ಬಸ್ಸು ಹಿಡಿದು ಹೋಗುತ್ತಿದ್ದ ಮೀನಿನ ಕಾರ್ಖಾನೆಯಲ್ಲಿ ಮಂಜುಗಡ್ಡೆ ಯಂತ್ರ ನೋಡಿಕೊಳ್ಳುತ್ತಿದ್ದ. ಇಗರ್ಜಿಗೆ ಹೋಗುವ ಕ್ರೈಸ್ತರ ಹುಡುಗನೆಂದು ತಾಯಿ ದುರ್ಗಿ ಮುಖ ಬಿಗಿದುಕೊಂಡೇ ಬಡಿಸಿದ್ದಳು. ಅಪ್ಪ ಮಾತ್ರ ಅವನ ಎಲೆಗೆ ತಾನೇ ಇನ್ನೊಂದು ಬಂಗುಡೆ ಹಾಕಿ, "ಮುಳ್ಳು ಬಿಡಿಸೂಕೆ ಬತ್ತದೆ ಹುಡುಗನಿಗೆ, ಚಲೋ ಆಯ್ತು," ಎಂದಿದ್ದ.

ಅವನು ಹೋದಮೇಲೆ ಪೂರ್ಣಿಮಾ ಕೇಳಿದಳು. "ಹಾಗಾದ್ರೆ ಹೂಂ ಹೇಳು ಬಾಬಾ."

ಅಪ್ಪ ಹೊಸೆಯುತ್ತಿದ್ದ ತೆಂಗಿನ ಹಗ್ಗ ಕೆಳಗಿಟ್ಟ. "ಹುಡುಗನ ಮೇಲೆ ನಂಗೆ ಎಂತದೂ ಇಲ್ಲ. ಆದ್ರೆ ನಾ ನೋಡಿ ಹೇಳವ. ಊರಿನ ಎಲ್ಲಾ ಮನೆ ಮಾತು ಗುಡಿಗೆ ಹೋಗ್ತದೆ. ನನ್ನ ಮನೆದು ಹೋಗದೆ ಇದ್ರೆ?"

ಗುಡಿಗೆ ಹೋಯಿತು. ಈ ಮದುವೆ ಆಗಬಹುದೋ ಎಂದು ರಾಮಾ ಪ್ರಶ್ನೆ ಹೇಳಿದ. ಅಪ್ಪ ದೀಪ ಹಿಡಿದು ಬಗ್ಗಿ ಒಳಗೆ ಹೋದ. ಪೂರ್ಣಿಮಾ ದೇವಚಾರನ ಹತ್ತಿರ ಮನಸ್ಸಿನಲ್ಲೇ ಚೌಕಾಶಿ ಮಾಡಿದಳು: ಕೋಳಿ ಕೊಡ್ತೆ, ಎಣ್ಣೆ ಕೊಡ್ತೆ, ಹುಟ್ಟಿದ ಮಗುವಿಗೆ ನಿನ್ನ ಹೆಸರು ಇಡ್ತೆ. ಅಪ್ಪ ಹೊರಗೆ ಬಂದ. ಮುಖ ಎಂದಿನಂತೆ ಓರೆ. ಬಾಯಿ ತೆರೆದ. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು.

"ಎಡಕ್ಕೆ."

ಅವನ ಗಲ್ಲದ ಮೇಲೆ ನೀರು ಇಳಿಯುತ್ತಿದ್ದುದನ್ನು ಎಲ್ಲರೂ ನೋಡಿದರು. ತನ್ನ ಕರುಳಿಗೂ ದೇವರ ಮಾತಿಗೂ ನಡುವೆ ದೇವರ ಮಾತು ಆರಿಸಿಕೊಂಡ ಮನುಷ್ಯ ಎಂದು ಕೇರಿ ಅವನನ್ನು ಇನ್ನೂ ಮೇಲೆ ಕೂರಿಸಿತು. ಮರುವರ್ಷ ಹೋಟೆಲಿನವರ ಪ್ರಶ್ನೆ ಬಂದಾಗ, ದಂಡೆ ಕೊಡಬಾರದು ಎಂದು ಅವನು ಹೇಳಿದ ಮಾತನ್ನು ಒಬ್ಬನೂ ಮೀರಲಿಲ್ಲ; ಮಗಳನ್ನೇ ಬಿಟ್ಟವನು ಸುಳ್ಳು ಹೇಳುತ್ತಾನೆಯೇ?

ಪೂರ್ಣಿಮಾ ಇನಾಸನ ಜೊತೆ ಹೋದಳು. ಊರಿನ ಬಾಗಿಲು ಮುಚ್ಚಿತು. ಅವಳು ಹಾಕಿದ ಶಾಪವೆಲ್ಲ ದೇವಚಾರನಿಗೆ. ಅಪ್ಪನ ಮೇಲೆ ಒಂದೇ ಒಂದು ಕೆಟ್ಟ ಮಾತು ಆಡಲಿಲ್ಲ. ಅಜ್ಜನ ಮನೆಗೆ ಯಾಕೆ ಹೋಗುವುದಿಲ್ಲ ಎಂದು ಮಗಳು ಕೇಳಿದಾಗಲೆಲ್ಲ ಹೇಳುತ್ತಿದ್ದಳು: "ಅಜ್ಜನಿಗೆ ನಾವು ಬೇಕು. ಅಲ್ಲಿಯ ದೇವರಿಗೆ ಬೇಡ."

*

ಹಿತ್ತಲಿನ ಬಾವಿ ಬೇಲಿಗೆ ಅಂಟಿಕೊಂಡೇ ಇತ್ತು. ಹೆಣ ಮೀಯಿಸಲು ಕಿಶನ ನೀರು ಸೇದುತ್ತಿದ್ದ. ಒದ್ದೆ ಪಂಚೆ, ಬರಿ ಮೈ. ನೌಕಾನೆಲೆಯಲ್ಲಿ ಗುತ್ತಿಗೆಯ ಮೇಲೆ ವೆಲ್ಡಿಂಗ್ ಮಾಡುವ ಅವನು ಮಾತಿನಲ್ಲೂ ಹಾಗೆಯೇ; ಗೆರೆ ಹಾಕಿದಲ್ಲಿ ಕೂಡಿಸಬೇಕು, ಕೂದಲಷ್ಟೂ ಆಚೀಚೆ ಇಲ್ಲ. ಚಿಕ್ಕಂದಿನಲ್ಲಿ ಪೂರ್ಣಿಮಾ ಬೆಲ್ಲ ಕದ್ದರೆ ತಾನೂ ತಿಂದದ್ದನ್ನು ಸೇರಿಸಿಯೇ ಚಾಡಿ ಹೇಳುತ್ತಿದ್ದವನು.

"ದಾದಾ, ಆಯಿನ್ನ ಕರಿ," ಎಂದಳು ಪೂರ್ಣಿಮಾ ಬೇಲಿಯಾಚೆಯಿಂದ.

ಅವನು ತಿರುಗಿ ನೋಡಲಿಲ್ಲ. ಕೊಡ ಇಳಿಸಿ ಒಳಗೆ ಹೋದ. ಅವನು ಮರಳಿ ಬಂದು ರಾಟೆಗೆ ಕೈಹಾಕಿದ, ಹಿಂದೆಯೇ ದುರ್ಗಿ ಬಂದಳು. ಮಗಳನ್ನು ಕಂಡು ಬೇಲಿಯ ಗೂಟ ಹಿಡಿದು ಕುಸಿದಳು. ಗೂಟಗಳ ಸಂದಿಯಿಂದ ಕೈ ತೂರಿಸಿ ಮಗಳ ಮುಖ ತಡವಿದಳು.

ಪೂರ್ಣಿಮಾ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. "ಬಾಬಾಗೆ ಹೂವು ಕಾಣ್ತಿತ್ತಾ ಆಯಿ?"

ದುರ್ಗಿಯ ಅಳು ನಿಂತಿತು. ಅಷ್ಟೇ ಸಾಕಾಯಿತು ಉತ್ತರಕ್ಕೆ.

"ಕಾರವಾರದ ನರ್ಸು ಬಂದಿದ್ದಾಳೆ. ಎಲ್ಲಾ ಹೇಳಿದ್ಳು."

ಬಾವಿಯ ರಾಟೆಯ ಸದ್ದು ನಿಂತಿತು. ಕಿಶನ ಹಗ್ಗವನ್ನು ಅರ್ಧಕ್ಕೆ ಹಿಡಿದು ನಿಂತಿದ್ದ. "ಎಂತ ಹೇಳಿದ್ಳು?"

ಹೇಳದೆ ದಾರಿಯಿರಲಿಲ್ಲ. ದುರ್ಗಿ ಬೇಲಿಗೆ ಹಣೆಯಿಟ್ಟು, ಮಣ್ಣಿಗೆ ಹೇಳುವಂತೆ ಹೇಳಿದಳು. ಕಣ್ಣು ಮೊದಲು ಒಂದು ಹೋಯಿತು, ಆಮೇಲೆ ಇನ್ನೊಂದು. ಬೇರೆ ಯಾರನ್ನಾದರೂ ಕೂರಿಸಿ ಎಂದು ಅವನು ಹೇಳಲು ಹೊರಟಿದ್ದ. ಅದೇ ವಾರ ನಾಗಿಯ ಪ್ರಶ್ನೆ ಬಂತು. ರಂಪಣಿ ಬಲೆಯ ಹಗ್ಗ ಎಳೆದ ಮನೆಗೆಲ್ಲ ಮೀನಿನ ಪಾಲು. ಗಂಡನನ್ನು ಕಡಲು ನುಂಗಿದ ಮೇಲೆ ನಾಗಿಯ ಮನೆಯಲ್ಲಿ ಹಗ್ಗ ಹಿಡಿಯಲು ಗಂಡಸಿರಲಿಲ್ಲ. ಹೆಂಗಸು ಹಗ್ಗ ಮುಟ್ಟಬಹುದೇ? ಅವನು ಒಳಗೆ ಹೋದ. ಏನೂ ಕಾಣಲಿಲ್ಲ. ಹೊರಗೆ ನಾಗಿಯ ಮಕ್ಕಳು ಹಸಿದು ಅಳುತ್ತಿದ್ದವು. ಅದು ಕೇಳುತ್ತಿತ್ತು. ಬಲಕ್ಕೆ ಎಂದ.

"ಅಲ್ಲಿಂದ ಮುಂದೆ ಎಲ್ಲಾ ಹಾಗೇ?" ಎಂದ ಕಿಶನ. ಅವನ ದನಿ ಒಡೆದಿತ್ತು. "ಹೋಟ್ಲಿಂದು? ಜಾತ್ರೆ ಕಾಣಿಕೆದು? ಎಲ್ಲಾ ಬಾಬಾ ತಾನೇ ಹೇಳಿದ್ದು?"

"ಒಂದೂ ಅನ್ಯಾಯ ಹೇಳ್ಳಿಲ್ಲ ಅಂವ."

"ನಂದು?" ಎಂದಳು ಪೂರ್ಣಿಮಾ.

ಒಳಗಿನಿಂದ ಯಾರೋ ನೀರು ತರಲು ಕೂಗಿದರು.

"ನಾನೂ ಅದೇ ಕೇಳ್ದೆ ಅವತ್ತು," ಎಂದಳು ದುರ್ಗಿ. "ಹೆಂಗೂ ಕಾಣೂದಿಲ್ಲ, ಬಲಕ್ಕೆ ಹೇಳೂಕೆ ನಿಂಗೆ ಎಂತಾ ಧಾಡಿ ಹೇಳಿ. ಊಟ ಬಿಟ್ಟು ಮಲ್ಗಿದ್ದ. 'ಊರವ್ರ ಮಕ್ಕಳಿಗೆ ಹೇಳುವಾಗ ದೇವರೇ ಹೇಳ್ಸಿದ ಹೇಳಿ ನಂಬಿಕೆ ಇತ್ತು. ನನ್ನ ಮಗಳಿಗೆ ಬಲ ಹೇಳೂಕೆ ಬಾಯಿ ತೆಗ್ದೆ, ಅದು ನನ್ನದೇ ಆಸೆ ಹೇಳಿ ಗೊತ್ತಾಯ್ತು. ನನ್ನ ಆಸೆಯನ್ನ ದೇವರ ಹೆಸ್ರಲ್ಲಿ ಹೇಳೂಕೆ ಆಗ್ಲಿಲ್ಲ' ಅಂದ."

ಪೂರ್ಣಿಮಾ ಬಾಯಿ ತೆರೆದಳು. ಒಂಬತ್ತು ವರ್ಷ ದೇವಚಾರನನ್ನು ಬೈದ ಬಾಯಿ ಈಗ ಯಾರನ್ನು ಬೈಯಬೇಕೆಂದು ತಿಳಿಯದೆ ಒಣಗಿತು. ಬೇಲಿಯ ಗೂಟ ಹಿಡಿದಿದ್ದ ಅಂಗೈಗೆ ಸಿಬಿರು ಚುಚ್ಚಿತ್ತು. ಅದು ಗೊತ್ತಾದದ್ದೂ ರಕ್ತ ಕಂಡ ಮೇಲೆ.

"ಹಾಗಾದ್ರೆ ಈಗ ನಾ ಒಳಗೆ ಹೋಗಿ ಎಂತ ಮಾಡ್ಲಿ?" ಎಂದ ಕಿಶನ, ಯಾರಿಗೂ ಅಲ್ಲದಂತೆ.

"ನಿಂಗೆ ಕಾಣ್ತದೆ ಮಗಾ," ಎಂದಳು ದುರ್ಗಿ. "ಅದೇ ತ್ರಾಸು."

ಅವನ ಕೈಯಿಂದ ಹಗ್ಗ ಜಾರಿತು. ರಾಟೆ ಗರಗರ ತಿರುಗಿ, ಕೊಡ ಬಾವಿಯ ತಳಕ್ಕೆ ಹೋಗಿ ಬಿತ್ತು.

*

ಚಟ್ಟವನ್ನು ದೇವಚಾರನ ಎದುರು ಮರಳಿನ ಮೇಲೆ ಇಳಿಸಿದರು. ಅಂಗಳ ಬಿಟ್ಟು ಬಯಲಿಗೆ ಬಂದದ್ದರಿಂದ ಈಗ ಪೂರ್ಣಿಮಾಳಿಗೆ ಅಪ್ಪನ ಮುಖ ಕಾಣುತ್ತಿತ್ತು. ಮುಖವನ್ನು ನೇರ ಮಾಡಿ ಮಲಗಿಸಿದ್ದರು. ಅವಳಿಗೆ ಅದು ಬೇರೆ ಯಾರದೋ ಮುಖದಂತೆ ಕಂಡಿತು.

ಕೇರಿಗೆ ಕೇರಿಯೇ ನೆರೆದಿತ್ತು. ಹೋಟೆಲಿನ ಕಡೆಯಿಂದಲೂ ಒಬ್ಬ ದೊಡ್ಡ ಹೂಚಕ್ರ ತಂದು ಹಿಂದೆ ನಿಂತಿದ್ದ, ಹೊಸ ಮ್ಯಾನೇಜರು. ಮುಂದೆ ನೋಡಿ ಹೇಳುವವ ಯಾರೆಂದು ಅವನು ಪಕ್ಕದವರ ಹತ್ತಿರ ಮೆಲ್ಲಗೆ ವಿಚಾರಿಸುತ್ತಿದ್ದ.

ಬೈಕಿನಿಂದ ಇಳಿದ ಗುನಗ ಅಂಗಿ ಕಳಚಿ, ತಂಬಿಗೆಯ ನೀರಿನಲ್ಲಿ ಕೈ ತೊಳೆದು ಒಳಗೆ ಹೋದ. ಹೂ ಅಂಟಿಸಿ ಹೊರಗೆ ಬಂದು ಗುಡಿಗೆ ಬೆನ್ನು ಹಾಕಿ ನಿಂತ. ರಾಮಾ ಕೈ ಮುಗಿದ.

"ಸ್ವಾಮೀ, ತುಳಸಿದಾಸನ ಮಗಳು ಪೂರ್ಣಿಮಾ ಬಂದು ನಿಂತಿದ್ದಾಳೆ. ತಂದೆ ಬಾಯಿಗೆ ನೀರು ಬಿಡಬಹುದೋ, ಬಾರ್ದೋ? ಬಿಡಬಹುದಾದ್ರೆ ಬಲಕ್ಕೆ ಕೊಡು. ಬಾರ್ದು ಅಂದ್ರೆ ಎಡಕ್ಕೆ ಕೊಡು. ನಾವು ಹುಲುಮಾನವರು, ನಮ್ಮ ಬಾಯಿ ಇದ್ರಲ್ಲಿ ಇಲ್ಲ."

ಕಿಶನ ದೀಪ ತೆಗೆದುಕೊಂಡ. ಬಗ್ಗಿ ಒಳಗೆ ನುಗ್ಗಿದ. ಕತ್ತಲೆ ಅವನ ಬೆನ್ನನ್ನೂ ಎಳೆದುಕೊಂಡಿತು.

ರಾಮಾ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಎಡ ಬಂದ್ರೆ ಗಲಾಟೆ ಮಾಡಬೇಡ ಬಾಯ್. ಇಲ್ಲಿಂದ್ಲೇ ಕೈ ಮುಗಿ. ಅಂವನ ಹೆಸ್ರಿಗೆ ಮಸಿ ಆಗಬಾರ್ದು."

ಅವಳ ನಾಲಗೆಯ ತುದಿಗೆ ಬಂದಿತ್ತು. ರಾಮ ಮಾಮಾ, ಅಂವನಿಗೆ ಕಣ್ಣೇ ಇರ್ಲಿಲ್ಲ. ಒಂದು ಮಾತು. ಅಷ್ಟು ಹೇಳಿದರೆ ಅವತ್ತಿನ ಎಡ ಬಿದ್ದುಹೋಗುತ್ತದೆ, ನಾಲ್ಕು ಹೆಜ್ಜೆ ಆಚೆ ಮಲಗಿರುವ ಅಪ್ಪನ ತುಟಿ ಅವಳದಾಗುತ್ತದೆ. ನರ್ಸು ಅಲ್ಲೇ ನಿಂತಿದ್ದಾಳೆ, ಸಾಕ್ಷಿಗೆ.

"ಮಾಮಾ," ಎಂದಳು.

"ಎಂತದು?"

ನಾಗಿ ಚಟ್ಟದ ಕಾಲ ಬಳಿ ಕೂತಿದ್ದಳು. ಹಗ್ಗ ಎಳೆದು ಎಳೆದು ಗಂಡಸಿನ ಕೈಯಂತಾದ ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಗುಡಿಯ ಬಾಗಿಲನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು: ಬಲಕ್ಕೆ ಕೊಡು, ಬಲಕ್ಕೆ ಕೊಡು. ಅವಳ ಹಿಂದೆ, ಅಪ್ಪ ಅಂದ 'ಬಲಕ್ಕೆ'ಯಿಂದಲೇ ಹಗ್ಗ ಹಿಡಿದ ಇನ್ನಷ್ಟು ಹೆಂಗಸರು. ಅವರ ಹಿಂದೆ ಹೂಚಕ್ರ ಹಿಡಿದ ಮ್ಯಾನೇಜರು, ಕಿವಿ ಇತ್ತ ಕೊಟ್ಟು.

"ಎಂತ ಹೇಳು ಬಾಯ್."

"ಎಂತ ಇಲ್ಲ," ಎಂದಳು ಪೂರ್ಣಿಮಾ. "ಹೂವು ಹೇಳಿದ್ದಕ್ಕೆ ನಾ ಇಲ್ಲ ಹೇಳೂದಿಲ್ಲ."

ಕಿಶನ ಹೊರಗೆ ಬರಲಿಲ್ಲ. ಗುನಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಬಿಸಿಲು ಹೆಣದ ಹಣೆಯ ಗಂಧವನ್ನು ಒಣಗಿಸಿ ಬಿರುಕು ಬಿಡಿಸುತ್ತಿತ್ತು. "ಮೊದ್ಲ ಸಲ ಅಲ್ದಾ, ಹೆದ್ರಿಕೆ," ಎಂದು ಯಾರೋ ಪಿಸುಗುಟ್ಟಿದರು. "ಬಿದ್ದದ್ದು ನೋಡಿ ಹೇಳೂಕೆ ಎಂತಾ ಹೆದ್ರಿಕೆ?" ಎಂದರು ಇನ್ಯಾರೋ.

ಪೂರ್ಣಿಮಾಳಿಗೆ ಒಳಗಿರುವ ಅಣ್ಣ ಕಾಣುತ್ತಿದ್ದ. ಎರಡೂ ಕಣ್ಣು ಚೊಕ್ಕ ಇರುವವನು. ಎದುರಿಗೆ ಎಡ ಬಿದ್ದಿದ್ದರೆ ಎಡ ಎನ್ನುವವನು. ತಾನು ಕದ್ದ ಬೆಲ್ಲವನ್ನೂ ಬಿಡದೆ ಹೇಳಿದವನು. ಅವಳು ಅಪ್ಪನ ಮುಖವನ್ನು ಕಣ್ಣಲ್ಲಿ ತುಂಬಿಸಿಕೊಳ್ಳತೊಡಗಿದಳು, ಇನ್ನು ಇಷ್ಟೇ ಎಂಬಂತೆ.

ಗುಡಿಯ ಬಾಗಿಲಲ್ಲಿ ಮೊದಲು ಒಂದು ಕೈ ಕಂಡಿತು. ಅದು ಕಲ್ಲಿನ ಅಂಚನ್ನು ತಡಕಿ, ಒಮ್ಮೆ ತಪ್ಪಿ, ಮತ್ತೆ ಹಿಡಿಯಿತು. ಕಿಶನ ಬಗ್ಗಿಕೊಂಡೇ ಹೊರಗೆ ಬಂದು ಬಿಸಿಲಿನಲ್ಲಿ ನೆಟ್ಟಗೆ ನಿಂತ.

"ಬಲಕ್ಕೆ," ಎಂದ.

ಹೆಂಗಸರು ಒಮ್ಮೆಲೇ ಅತ್ತರು. ನಾಗಿ ಎರಡೂ ಕೈಯಿಂದ ಮರಳಿಗೆ ಹೊಡೆದಳು. ರಾಮಾ ತಂಬಿಗೆ ತಂದು ಪೂರ್ಣಿಮಾಳ ಕೈಗೆ ಕೊಟ್ಟು, "ಹೋಗು ಬಾಯ್, ಹೋಗು," ಎಂದು ಬೆನ್ನು ತಳ್ಳಿದ.

ಅವಳು ತಂಬಿಗೆ ಹಿಡಿದು ನಿಂತೇ ಇದ್ದಳು. ಕಿಶನನ ಕೈಯಲ್ಲಿ ದೀಪ ವಾಲಿತ್ತು. ಬಿಸಿ ಎಣ್ಣೆ ಅವನ ಮಣಿಕಟ್ಟಿನ ಮೇಲಿಂದ ಮೊಣಕೈಗೆ ಇಳಿದು ಹನಿಯುತ್ತಿತ್ತು. ಅವನು ಅತ್ತ ನೋಡಲಿಲ್ಲ. ಯಾವ ಕಡೆಗೂ ನೋಡಲಿಲ್ಲ. ರೆಪ್ಪೆಗಳನ್ನು ಗೆರೆ ಬೀಳುವಷ್ಟು ಬಿಗಿಯಾಗಿ ಮುಚ್ಚಿಕೊಂಡು, ಬರಿಗಾಲಿನಿಂದ ಮೆಟ್ಟಿಲ ಅಂಚು ಎಲ್ಲಿದೆಯೆಂದು ಹುಡುಕುತ್ತಿದ್ದ.